‘ಮುಂಬಯಿ ಇಲಾಖೆ’ ಯಾವ ಇಲಾಖೆ?

ಪ್ರಶ್ನೆ: ಹಾವೇರಿಯ ನಮ್ಮ ಹಳೆಯ ಮನೆಯನ್ನು ಇಳಿಸುವಾಗ ಮುತ್ತಜ್ಜನ ತಗಡಿನ ಟ್ರಂಕು ಸಿಕ್ಕಿತು. ಅದರ ತಳಕ್ಕೆ ಹಾಸಿದ್ದ ಪತ್ರಿಕೆಯ ಅರ್ಧ ಹಾಳೆಯನ್ನು ಜೋಪಾನವಾಗಿ ಬಿಡಿಸಿ, ಫೋಟೊ ತೆಗೆದು ಕಳಿಸಿದ್ದೇನೆ. ಪತ್ರಿಕೆಯ ಹೆಸರು, ತಾರೀಖು ಇದ್ದ ಭಾಗ ಹರಿದುಹೋಗಿದೆ. ‘ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮಳೆಯು ಸಾಲದಾಗಿರುವದು’ ಎಂದು ಒಂದು ಕಡೆ ಇದೆ. ಇದು ಯಾವ ಇಲಾಖೆ? ಮಳೆಯ ಲೆಕ್ಕ ಇಡಲು ಮುಂಬಯಿಯಲ್ಲಿ ಒಂದು ಇಲಾಖೆ ಇತ್ತೇ? ಅದೇ ಹಾಳೆಯ ಕೆಳಭಾಗದಲ್ಲಿ ಅರಣ್ಯ ಇಲಾಖೆಯವರನ್ನು ‘ಜಂಗಲ ಖಾತೆಯವರು’ ಎಂದು ಕರೆದಿದ್ದಾರೆ. ಹಿಂಬದಿಯಲ್ಲಿ ‘ವಾರ ಲೋನ’ ಎಂಬ ಜಾಹೀರಾತು ಇದೆ. ವಾರವಾರ ಕಂತು ಕಟ್ಟುವ ಸಾಲವೇ? ಹಾಳೆ ಯಾವ ಕಾಲದ್ದೆಂದು ಹೇಳಬಹುದೇ?

ಉತ್ತರ: ನಿಮ್ಮ ಫೋಟೊ ಬಂದ ದಿನದಿಂದ ಅದರ ದೊಡ್ಡ ಪ್ರತಿಯೊಂದು ನನ್ನ ಮೇಜಿನ ಮೇಲೆಯೇ ಇದೆ. ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಿದೆ. ಹುಳು ತಿಂದ ಮೂಲೆ, ತುಕ್ಕಿನ ಕಲೆ, ಟ್ರಂಕಿನ ಅಂಚಿಗೆ ಮಡಚಿ ಬಿದ್ದ ಗೆರೆ, ಇಷ್ಟೆಲ್ಲದರ ನಡುವೆಯೂ ಅಕ್ಷರಗಳು ಗಟ್ಟಿಯಾಗಿ ನಿಂತಿವೆ. ಇದನ್ನು ರದ್ದಿಗೆ ಹಾಕದೆ ಬಿಡಿಸಿ ಓದಿದಿರಿ, ಓದಿ ಸುಮ್ಮನಿರದೆ ಕೇಳಿದಿರಿ. ನಿಮಗೆ ನನ್ನ ವಂದನೆ.

ಮಳೆಗೊಂದು ಇಲಾಖೆ ಇತ್ತೇ ಎಂಬ ನಿಮ್ಮ ಸಂದೇಹ ಇಂದಿನ ಕನ್ನಡ ಬಲ್ಲ ಯಾರಿಗಾದರೂ ಬರುವಂಥದ್ದೇ. ನಮಗೀಗ ಇಲಾಖೆ ಎಂದರೆ ಕಂದಾಯ, ಅರಣ್ಯ, ಆರೋಗ್ಯ, ಲೋಕೋಪಯೋಗಿ. ಅಂದರೆ ಸರಕಾರದ ಒಂದೊಂದು ಕೆಲಸಕ್ಕೆ ಒಂದೊಂದು ಕಚೇರಿ. ನಿಮ್ಮ ಹಾಳೆಯ ಕಾಲಕ್ಕೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಪತ್ರಿಕೆಗಳಲ್ಲಿ ಇಲಾಖೆ ಎಂದರೆ ನೆಲ. ಇಂಗ್ಲಿಷರು ಬಾಂಬೆ ಪ್ರೆಸಿಡೆನ್ಸಿ ಎನ್ನುತ್ತಿದ್ದ ವಿಶಾಲ ಆಡಳಿತ ಪ್ರದೇಶವೇ ‘ಮುಂಬಯಿ ಇಲಾಖೆ’. ಮದ್ರಾಸ್ ಪ್ರೆಸಿಡೆನ್ಸಿ ‘ಮದ್ರಾಸ ಇಲಾಖೆ’. ಮರಾಠಿಯಲ್ಲಿ ‘ಮುಂಬಈ ಇಲಾಖಾ’ ಎನ್ನುತ್ತಿದ್ದರು. ನಮ್ಮ ಪತ್ರಿಕೆಗಳಿಗೆ ಮಾತು ಬಂದದ್ದು ಅಲ್ಲಿಂದ. ಹಾಗಾಗಿ ನಿಮ್ಮ ವಾಕ್ಯದ ಅರ್ಥ ಇಷ್ಟು: ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಈ ಸಲ ಮಳೆ ಸಾಲದು.

ಆ ಕನ್ನಡ ಜಿಲ್ಲೆಗಳು ನಾಲ್ಕು: ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ. ಉತ್ತರ ಕನ್ನಡ ಮೊದಲು ಮದ್ರಾಸಿಗೆ ಸೇರಿತ್ತು, 1862ರಲ್ಲಿ ಮುಂಬಯಿಗೆ ಬಂತು. ಹಾವೇರಿ, ಗದಗ ಆಗ ಜಿಲ್ಲೆಗಳಲ್ಲ. 1997ರಲ್ಲಿ ಬೇರೆಯಾಗುವವರೆಗೆ ಎರಡೂ ಧಾರವಾಡ ಜಿಲ್ಲೆಯ ಒಳಗೇ ಇದ್ದವು. ಮುಂಬಯಿ ಇಲಾಖೆಯ ಇನ್ನೊಂದು ತುದಿಗೆ ಸಿಂಧ್ ಇತ್ತು. 1936ರಲ್ಲಿ ಅದು ಬೇರೆಯಾಗುವವರೆಗೆ ಕರಾಚಿಯೂ ಕಾರವಾರವೂ ಒಂದೇ ಇಲಾಖೆ.

ಪತ್ರಿಕೆಯವರು ಈ ಮಾತನ್ನು ಮತ್ತೆ ಮತ್ತೆ ಏಕೆ ಬಳಸಬೇಕಾಗುತ್ತಿತ್ತು ಎಂಬುದು ನಿಮ್ಮ ಊರಿನಲ್ಲಿ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹಾವೇರಿಯಿಂದ ದಕ್ಷಿಣಕ್ಕೆ ಹೊರಟು ತುಂಗಭದ್ರೆ ದಾಟಿ ಹರಿಹರಕ್ಕೆ ಕಾಲಿಟ್ಟರೆ ಅದು ಮೈಸೂರು ಸಂಸ್ಥಾನ. ಉತ್ತರಕ್ಕೆ ಒಂದು ಹೊತ್ತಿನ ದಾರಿ ನಡೆದರೆ ಸವಣೂರು, ನವಾಬರ ಸಂಸ್ಥಾನ. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ, ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳ ಜಮಖಂಡಿಗೆ. ಗದಗ ದಾಟಿ ಪೂರ್ವಕ್ಕೆ ಕೊಪ್ಪಳದ ಕಡೆ ಹೋದರೆ ನಿಜಾಮರ ಸೀಮೆ. ನಮ್ಮ ಹಿರಿಯರು ಅದನ್ನು ‘ಮೊಗಲಾಯಿ’ ಎನ್ನುತ್ತಿದ್ದರು. ಎತ್ತಿನ ಬಂಡಿ ಒಂದು ದಿನ ಓಡುವಷ್ಟರಲ್ಲಿ ಮೂರು ದೊರೆತನಗಳ ಮಣ್ಣು ಗಾಲಿಗೆ ಹತ್ತುತ್ತಿತ್ತು. ಮಳೆಯ ಸುದ್ದಿ, ಪ್ಲೇಗಿನ ಸುದ್ದಿ, ಹತ್ತಿಯ ಧಾರಣೆ, ಹೊಸ ಕಾಯಿದೆ, ಯಾವುದನ್ನು ಬರೆದರೂ ಅದು ಇಲಾಖೆಯದೋ, ಸಂಸ್ಥಾನದ್ದೋ, ಮೊಗಲಾಯಿಯದೋ ಎಂದು ಮೊದಲು ಹೇಳಲೇಬೇಕು. ಇಲ್ಲದಿದ್ದರೆ ಓದುವವನಿಗೆ ಆ ಕಾಯಿದೆ ತನ್ನ ಹೊಲಕ್ಕೆ ತಟ್ಟುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ. ಹಾಗಾಗಿ ‘ಇಲಾಖೆ’ ಆ ಪತ್ರಿಕೆಗಳಲ್ಲಿ ದಿನಬಳಕೆಯ ಮಾತು. ಅದಕ್ಕೆ ಅರ್ಥ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ; ಅದಕ್ಕೇ ಇಂದು ನಮಗೆ ಅದು ಒಗಟಾಗಿದೆ.

ಈಗ ಮಾತಿನ ಒಳಕ್ಕೆ ಹೋಗೋಣ. ನನಗೆ ಬಹಳ ಪ್ರೀತಿಯ ಭಾಗ ಇದೇ.

ಇಲಾಖೆ ಮೂಲದಲ್ಲಿ ಅರಬ್ಬೀ ಮಾತು, ಪಾರಸಿಯ ಮೂಲಕ ನಮ್ಮ ದೇಶಕ್ಕೆ ಬಂದದ್ದು. ಅರಬ್ಬಿಯಲ್ಲಿ ‘ಇಲಾಕಾ’ ಎಂದರೆ ಸಂಬಂಧ. ಅದರ ಧಾತುವಿಗೆ ತೂಗುಬೀಳು, ಅಂಟಿಕೊಳ್ಳು, ತಗುಲಿಕೊಳ್ಳು ಎಂಬ ಅರ್ಥಗಳಿವೆ. ನೆಲ ಎಂದಾಗಲಿ ಕಚೇರಿ ಎಂದಾಗಲಿ ಅದರಲ್ಲಿ ಇಲ್ಲ. ಒಬ್ಬ ಅಧಿಕಾರಿಗೆ ತಗುಲಿಕೊಂಡದ್ದು ಅವನ ಇಲಾಖೆ. ತಗುಲಿಕೊಂಡದ್ದು ಸೀಮೆಯಾದರೆ ಸೀಮೆಯೇ ಇಲಾಖೆ, ಕೆಲಸವಾದರೆ ಕೆಲಸವೇ ಇಲಾಖೆ. ಉತ್ತರ ಹಿಂದುಸ್ತಾನದವರು ‘ಇಲಾಕಾ’ ಎಂದು ಪ್ರದೇಶಕ್ಕೆ, ಓಣಿಗೆ ಹೇಳುತ್ತಾರೆ. ಮರಾಠರ ನಾಡಿನಲ್ಲಿ ಅದು ಇಡೀ ಪ್ರೆಸಿಡೆನ್ಸಿಯಷ್ಟು ಹಿಗ್ಗಿತು. ಮೈಸೂರಿನಲ್ಲಿ ಅದು ನೆಲವನ್ನು ಬಿಟ್ಟು ಕೆಲಸಕ್ಕೆ ಅಂಟಿತು: ವಿದ್ಯಾ ಇಲಾಖೆ, ಮುಜರಾಯಿ ಇಲಾಖೆ. ಒಂದೇ ಮಾತು ಮೂರು ಊರಿನಲ್ಲಿ ಮೂರು ಸಂಸಾರ ಹೂಡಿತು.

ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತನ್ನು ನೀವು ದಿನಕ್ಕೆ ಹತ್ತು ಸಲ ಬಳಸುತ್ತೀರಿ: ತಾಲೂಕು. ಅದರ ಮೂಲರೂಪ ‘ತಅಲ್ಲುಕ’, ಅರ್ಥ ಅದೇ ಸಂಬಂಧ, ಅಧೀನ. ಇಲಾಖೆಯೂ ತಾಲೂಕೂ ಒಡಹುಟ್ಟಿದವು. ಮೂರನೆಯದು ಇನ್ನೂ ಸೊಗಸು. ಮರಾಠರ ಆಡಳಿತದಲ್ಲಿ ದೊಡ್ಡ ಅಧಿಕಾರಿಯ ಕೈಕೆಳಗೆ ಅವನ ಪರವಾಗಿ ಕೆಲಸ ನಡೆಸುವವನನ್ನು ‘ಮುತಾಲಿಕ’ ಎನ್ನುತ್ತಿದ್ದರು. ಎಂದರೆ ಒಬ್ಬರಿಗೆ ಅಂಟಿಕೊಂಡವನು, ಅವರ ಆಶ್ರಿತ. ಅದು ನಮ್ಮ ಕಡೆ ಎಷ್ಟೋ ಮನೆತನಗಳ ಅಡ್ಡಹೆಸರಾಗಿ ಉಳಿದಿದೆ. ನಿಮ್ಮ ಮುತ್ತಜ್ಜನ ಕಾಲದ ಒಂದು ಅರ್ಜಿಯಲ್ಲಿ ‘ಮುಂಬಯಿ ಇಲಾಖೆ, ಜಿಲ್ಲೆ ಧಾರವಾಡ, ತಾಲೂಕು ಕರಜಗಿ’ ಎಂದು ಬರೆದು ಮುತಾಲಿಕ ಎಂದು ರುಜು ಹಾಕಿದ್ದರೆ ಒಂದೇ ಅರಬ್ಬೀ ಬೇರಿನ ಮೂರು ಚಿಗುರು ಒಂದೇ ಕಾಗದದಲ್ಲಿ ಇದ್ದ ಹಾಗಾಯಿತು. ನಡುವಿನ ‘ಜಿಲ್ಲೆ’ಯೂ ಅರಬ್ಬಿಯೇ, ಆದರೆ ಬೇರೆ ಬೇರಿನದು. ಅದರ ಮೂಲಾರ್ಥ ಪಕ್ಕೆಲುಬು. ಪಕ್ಕೆಯಿಂದ ಪಕ್ಕ, ಪಕ್ಕದಿಂದ ಭಾಗ.

ಅರಬ್ಬಿಯ ‘ಇಲಾಕಾ’ದಲ್ಲಿ ಇರುವುದು ಕಂಠದ ಆಳದಿಂದ ಬರುವ ಒಂದು ಕಕಾರ. ಕನ್ನಡದಲ್ಲಿ ಅದು ‘ಖ’ ಆದದ್ದು ಹೇಗೆ? ಇಲ್ಲಿ ದಖನಿ ಉರ್ದುವಿನ ಕೈವಾಡವಿದೆ. ದಖನಿ ಆಡುವವರು ಆ ಕಕಾರವನ್ನು ಖಕಾರದ ಹಾಗೆ ಉಚ್ಚರಿಸುತ್ತಾರೆ. ‘ಕಲಮ್’ ಅವರ ಬಾಯಲ್ಲಿ ‘ಖಲಮ್’. ಕನ್ನಡದ ‘ಖಾಯಂ’, ‘ಖೈದಿ’ ಎರಡರಲ್ಲಿಯೂ ಮೂಲದ ಧ್ವನಿ ಅದೇ ಕಕಾರ. ನಾವು ‘ಖ’ ಬರೆಯುವುದು ದಖನಿಯ ನೆರಳಿನಿಂದ. ತಾಲೂಕಿನಲ್ಲಿ ಕಕಾರ ಹಾಗೆಯೇ ಉಳಿಯಿತು, ಇಲಾಖೆಯಲ್ಲಿ ಮಹಾಪ್ರಾಣವಾಯಿತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಸಂಜೆ ನಿಂತು ಕೇಳಿ. ಬಂಡಿಯ ಮೇಲೆ ಹಣ್ಣು ಮಾರುವವನು ತನ್ನ ‘ಇಲಾಖಾ’ ಎಂದರೆ ಅದು ಅವನು ವ್ಯಾಪಾರ ಮಾಡುವ ಓಣಿ. ಅವನ ಹಿಂದಿನ ಗೋಡೆಯ ಮೇಲೆ ಬರೆದ ‘ಆರೋಗ್ಯ ಇಲಾಖೆ’ ಬೇರೆ. ನೂರು ವರ್ಷದ ಹಿಂದೆ ಅದೇ ಜಾಗದಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದವನ ‘ಇಲಾಖೆ’ ಇನ್ನೂ ಬೇರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇಲಾಖೆ ಎಂಬ ಮಾತನ್ನು ಪ್ರಾಂತ್ಯಕ್ಕೆ ಕೊಟ್ಟುಬಿಟ್ಟ ಮೇಲೆ ಕಚೇರಿಗೆ ಬೇರೆ ಮಾತು ಬೇಕಲ್ಲವೇ? ಆ ಮಾತೇ ‘ಖಾತೆ’. ಮುಂಬಯಿ ಆಡಳಿತದ ಕನ್ನಡದಲ್ಲಿ ವಿದ್ಯಾಖಾತೆ, ಪೋಲೀಸ ಖಾತೆ, ಜಂಗಲ ಖಾತೆ, ಪೋಸ್ಟ ಖಾತೆ, ಎಲ್ಲವೂ ಖಾತೆಗಳೇ. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿನ ಮುಂದಿನ ‘ಡೆಪ್ಯುಟಿ’ಯೂ ಅವರು ವಿದ್ಯಾಖಾತೆಯಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿದ್ದುದರ ಗುರುತು. ಧಾರವಾಡದ ಕಡೆ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡವನ್ನು ತರಗತಿಯೊಳಗೆ ತಂದು ಕೂರಿಸಿದವರಲ್ಲಿ ಅವರು ಮೊದಲ ಸಾಲಿನವರು. ಅವರು ದುಡಿದ ಖಾತೆಯ ಹೆಸರು ಮಾತ್ರ ಮರಾಠಿಯಿಂದಲೇ ಬಂದಿತ್ತು.

ಖಾತೆ ವ್ಯಾಪಾರಿಗಳ ಮಾತು. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಾಗಲಿ ಗದಗಿನ ಹತ್ತಿ ಅಡತಿ ಅಂಗಡಿಯಲ್ಲಾಗಲಿ ಹಳೆಯ ಲೆಕ್ಕದ ಪುಸ್ತಕ ನೋಡಿದವರಿಗೆ ಇದು ಗೊತ್ತು. ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕಗಳು. ದಿನದ ವ್ಯವಹಾರವನ್ನು ಬಂದ ಹಾಗೆ ಬರೆದುಕೊಳ್ಳುವುದು ಕಿರ್ದಿ. ಸಂಜೆ ಅಥವಾ ವಾರಕ್ಕೊಮ್ಮೆ ಅದನ್ನು ಬಿಡಿಸಿ ಒಬ್ಬೊಬ್ಬ ಗಿರಾಕಿಯ, ಒಂದೊಂದು ಬಾಬಿನ ಹೆಸರಿನ ಕೆಳಗೆ ಏರಿಸುವುದು ಖತಾವಣಿ. ಅಲ್ಲಿ ಪ್ರತಿಯೊಂದು ತಲೆಬರಹವೂ ಒಂದು ಖಾತೆ. ಸರಕಾರದ ಖರ್ಚನ್ನೂ ಹೀಗೆಯೇ ಬಾಬುಬಾಬಾಗಿ ಬರೆದರೆ ಶಾಲೆಗೊಂದು ಖಾತೆ, ಪೊಲೀಸಿಗೊಂದು ಖಾತೆ, ಅಡವಿಗೊಂದು ಖಾತೆ. ಪುಸ್ತಕದ ತಲೆಬರಹವೇ ಕಚೇರಿಯ ಹೆಸರಾಯಿತು. ರೈತನ ಕೈಯಲ್ಲಿ ಅದೇ ಮಾತು ಹೊಲದ ಖಾತೆ, ಖಾತೆದಾರ ಎಂದಾಯಿತು. ಇಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆಯುವಾಗ ನಾವು ಅದೇ ಕೆಂಪು ಪುಸ್ತಕದ ಮಾತನ್ನೇ ಆಡುತ್ತಿದ್ದೇವೆ.

ನಿಮ್ಮ ಮನೆಯ ಹಿರಿಯರ ಬಗ್ಗೆ ಹೇಳುವಾಗ ‘ಮುಲ್ಕಿ ಪಾಸಾಗಿದ್ದರು’ ಎಂಬ ಮಾತನ್ನು ಕೇಳಿರುತ್ತೀರಿ. ಏಳನೆಯ ಇಯತ್ತೆಯ ಆ ಪರೀಕ್ಷೆಗೆ ಏಕೆ ಆ ಹೆಸರು ಎಂದು ಎಷ್ಟೋ ಜನ ಕೇಳಿದ್ದಾರೆ. ಮುಲ್ಕಿ ಎಂದರೆ ಕಂದಾಯ ಆಡಳಿತಕ್ಕೆ ಸೇರಿದ್ದು. ಆ ಪರೀಕ್ಷೆ ಗೆದ್ದವನು ಸರಕಾರಿ ಚಾಕರಿಗೆ ಯೋಗ್ಯ ಎಂದು ಲೆಕ್ಕ. ವಿದ್ಯಾಖಾತೆ ನಡೆಸಿದ ಪರೀಕ್ಷೆಗೆ ಕಂದಾಯದವರ ಹೆಸರು.

ಆಗ ಮೈಸೂರಿನಲ್ಲಿ ಏನು ನಡೆದಿತ್ತು? ಅಲ್ಲಿಯೂ ಒಂದು ಕಾಲಕ್ಕೆ ಆಡಳಿತದ ಒಂದೊಂದು ಅಂಗವನ್ನು ‘ಕಚೇರಿ’ ಎಂದೇ ಕರೆಯುತ್ತಿದ್ದರು. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಕೆಂಪು ಕಟ್ಟಡಕ್ಕೆ ‘ಅಠಾರಾ ಕಚೇರಿ’ ಎಂದು ಹೆಸರು ಬಂದದ್ದು ಹದಿನೆಂಟು ಕಚೇರಿಗಳಿಂದ. ಇಂದು ಅಲ್ಲಿ ಉಚ್ಚ ನ್ಯಾಯಾಲಯ ಇದೆ. ಮೈಸೂರು ಒಂದೇ ಸಂಸ್ಥಾನವಾಗಿದ್ದರಿಂದ ಅಲ್ಲಿಯವರು ತಮ್ಮ ನಾಡನ್ನು ಇಲಾಖೆ ಎನ್ನುವ ಪ್ರಸಂಗ ಬರಲಿಲ್ಲ. ಮಾತು ಖಾಲಿ ಇತ್ತು, ಸರಕಾರದ ವಿಭಾಗಕ್ಕೆ ಸಲ್ಲಿತು.

ಹೀಗೆ ಎರಡು ಆಡಳಿತಗಳ ಎರಡು ಕನ್ನಡ ಅಕ್ಕಪಕ್ಕದಲ್ಲಿ ಬೆಳೆದವು. ತುಂಗಭದ್ರೆಯ ಆಚೆ ದಂಡೆಯವನು ‘ವಿದ್ಯಾ ಇಲಾಖೆ’ ಎಂದದ್ದನ್ನು ಈಚೆಯವನು ‘ವಿದ್ಯಾಖಾತೆ’ ಎಂದ. ಆಚೆ ಅಮಲ್ದಾರ, ಈಚೆ ಮಾಮಲೇದಾರ. ಆಚೆ ಶಾನುಭೋಗ, ಈಚೆ ಕುಲಕರ್ಣಿ. ಆಚೆ ಡೆಪ್ಯುಟಿ ಕಮಿಷನರು, ಈಚೆ ಕಲೆಕ್ಟರ ಸಾಹೇಬರು. 1956ರ ನವೆಂಬರ್ 1ರಂದು ಈ ಕನ್ನಡಗಳನ್ನು ಒಂದೇ ಸರಕಾರದ ಕಡತಕ್ಕೆ ಹೊಂದಿಸಬೇಕಾಯಿತು. ರಾಜಧಾನಿ ಬೆಂಗಳೂರು, ರಾಜ್ಯದ ಹೆಸರು 1973ರವರೆಗೂ ಮೈಸೂರು. ಕಚೇರಿಯ ಮಾತಿನಲ್ಲಿ ಮೈಸೂರಿನ ರೂಢಿ ಮೇಲಾದದ್ದು ಸಹಜ. ‘ಇಲಾಖೆ’ ವಿಭಾಗದ ಅರ್ಥದಲ್ಲಿ ಗೆದ್ದಿತು. ‘ಖಾತೆ’ ಸೋತರೂ ಮೂಲೆಗೆ ಬೀಳಲಿಲ್ಲ, ಮಂತ್ರಿಗಳ ಹತ್ತಿರ ಹೋಯಿತು: ಹಣಕಾಸು ಖಾತೆ, ಖಾತೆ ಹಂಚಿಕೆ, ಖಾತೆ ಇಲ್ಲದ ಮಂತ್ರಿ. ಒಂದು ಕಡೆ ಮಾತ್ರ ಇಬ್ಬರೂ ಬಿಟ್ಟುಕೊಟ್ಟರು. ಅಮಲ್ದಾರನೂ ಉಳಿಯಲಿಲ್ಲ, ಮಾಮಲೇದಾರನೂ ಉಳಿಯಲಿಲ್ಲ. ನಿಜಾಮರ ಸೀಮೆಯಲ್ಲಿಯೂ ಮದ್ರಾಸಿನಲ್ಲಿಯೂ ಇದ್ದ ತಹಶೀಲ್ದಾರ ಬಂದು ಕೂತ.

ಏಕೀಕರಣ ನಮಗೆ ಕೊಟ್ಟದ್ದು ಬೆಲೆ ಕಟ್ಟಲಾಗದ್ದು. ಅದನ್ನು ತಂದವರಲ್ಲಿ ಬಹುಪಾಲು ಜನ ನಮ್ಮ ಈ ಭಾಗದವರೇ. ಆದರೂ ಆಗ ಕಳೆದ ಮಾತುಗಳ ಲೆಕ್ಕವನ್ನು ಯಾರಾದರೂ ಇಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ನಮ್ಮ ತಂದೆಯವರು ಕೊನೆಯವರೆಗೂ ‘ಪೊಲೀಸ್ ಖಾತೆ’ ಎಂದೇ ಅಂದರು. ಶಾಲೆಯಲ್ಲಿ ನಾನು ಹಾಗೆ ಬರೆದಾಗ ಗುರುಗಳು ಕೆಂಪು ಶಾಯಿಯಲ್ಲಿ ‘ಇಲಾಖೆ’ ಎಂದು ತಿದ್ದಿದರು. ತಿದ್ದಿದ್ದು ತಪ್ಪಲ್ಲ. ಆದರೆ ಮನೆಯ ಮಾತು ಏಕೆ ತಪ್ಪಾಯಿತು ಎಂದು ಹನ್ನೊಂದು ವರ್ಷದ ಹುಡುಗನಿಗೆ ಯಾರೂ ಹೇಳಲಿಲ್ಲ. ಹಳೆಯ ಪತ್ರಿಕೆಗಳ ಕಡೆ ನಾನು ತಿರುಗಿದ್ದರ ಹಿಂದೆ ಆ ಕೆಂಪು ಗೆರೆಯೂ ಇದೆ.

ಇಲಾಖೆ ಎಂಬ ಮಾತಿಗೆ ರಾಜಕೀಯದ ಬಣ್ಣ ಹತ್ತಿದ್ದು 1920ರ ಆಸುಪಾಸಿನಲ್ಲಿ. ಆ ವರ್ಷ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗೊಂದು ಪ್ರಾಂತ ಎಂಬ ತತ್ವದ ಮೇಲೆ ತನ್ನ ಸಂಘಟನೆಯನ್ನು ಮತ್ತೆ ಕಟ್ಟಿಕೊಂಡಿತು. ಸರಕಾರದ ನಕಾಶೆಯಲ್ಲಿ ಕರ್ನಾಟಕ ಎಂಬುದು ಎಲ್ಲಿಯೂ ಇರಲಿಲ್ಲ, ಕಾಂಗ್ರೆಸ್ಸಿನ ನಕಾಶೆಯಲ್ಲಿ ಇತ್ತು. ಅಲ್ಲಿಂದ ಮುಂದೆ ಧಾರವಾಡದ ಪತ್ರಿಕೆಗಳನ್ನು ಓದುವಾಗ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳಬೇಕು. ‘ಮುಂಬಯಿ ಇಲಾಖೆ’ ಎಂದರೆ ಇದ್ದದ್ದು, ದೊರೆಗಳು ಮಾಡಿಟ್ಟದ್ದು. ‘ಕರ್ನಾಟಕ ಪ್ರಾಂತ’ ಎಂದರೆ ಬೇಕಾದದ್ದು, ಇನ್ನೂ ಆಗದ್ದು. 1921ರಲ್ಲಿ ಧಾರವಾಡದಿಂದ ಕರ್ಮವೀರ ಹೊರಟಿತು; 1930ರ ದಶಕದಲ್ಲಿ ಸಂಯುಕ್ತ ಕರ್ನಾಟಕ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಆ ಎರಡನೆಯ ಹೆಸರನ್ನೇ ಒಂದು ಗಳಿಗೆ ನೋಡಿ. ಹರಿದು ಹಂಚಿಹೋದ ನಾಡಿನ ಒಂದು ಊರಿನಲ್ಲಿ ಕೂತು ಪ್ರತಿ ಬೆಳಿಗ್ಗೆ ತಲೆಬರಹದಲ್ಲಿಯೇ ‘ಸಂಯುಕ್ತ’ ಎಂದು ಅಚ್ಚುಹಾಕುವುದು! ಅಂಥ ಪತ್ರಿಕೆಯ ಒಳಪುಟದಲ್ಲಿ ‘ಇಲಾಖೆ’ ಎಂಬ ಮಾತು ಬಂದಾಗ ಓದುಗನಿಗೆ ಅದು ಬರೀ ವಿಳಾಸವಾಗಿ ಕೇಳಿಸಿರಲಾರದು.

ಹೊಸ ಸಂವಿಧಾನ ಜಾರಿಗೆ ಬಂದ ಮೇಲೆ, 1950ರಿಂದ, ಮುಂಬಯಿ ‘ರಾಜ್ಯ’ವಾಯಿತು. ಹಾಗಾಗಿ ತಾರೀಖಿಲ್ಲದ ಹಾಳೆ ಸಿಕ್ಕಾಗ ನಾನು ಮೊದಲು ನೋಡುವುದು ಇದನ್ನೇ. ಮುಂಬಯಿಗೆ ಇಲಾಖೆ ಎಂದಿದೆಯೋ, ಪ್ರಾಂತ ಎಂದಿದೆಯೋ, ರಾಜ್ಯ ಎಂದಿದೆಯೋ? ರಾಜ್ಯ ಎಂದಿದ್ದರೆ 1950ರ ಈಚಿನದು. ಪ್ರಾಂತ ಎಂಬುದೇ ಮೇಲುಗೈಯಾಗಿದ್ದರೆ ಹೆಚ್ಚಾಗಿ 1930ರ ದಶಕದ ಕೊನೆ ಅಥವಾ 1940ರ ದಶಕ. ಬರೀ ಇಲಾಖೆಯೇ ಇದ್ದರೆ ಇನ್ನೂ ಹಿಂದೆ ಹೋಗಬೇಕು. ಇಲಾಖೆ ಹೋದರೂ ಅದರ ಗುರುತು ‘ಮುಂಬಯಿ ಕರ್ನಾಟಕ’ ಎಂಬ ಹೆಸರಿನಲ್ಲಿ ಬಹುಕಾಲ ಉಳಿಯಿತು. 2021ರಲ್ಲಿ ಸರಕಾರ ಅದನ್ನು ‘ಕಿತ್ತೂರು ಕರ್ನಾಟಕ’ ಎಂದು ಬದಲಿಸಿತು.

ಹಳೆಯ ಬರಹ ಓದುವವರು ಒಂದು ಸುಲಭ ಗುರುತನ್ನು ನೆನಪಿಟ್ಟುಕೊಳ್ಳಬಹುದು. ಇಲಾಖೆಯ ಹಿಂದೆ ಊರಿನ ಹೆಸರಿದ್ದರೆ ಅದು ನೆಲ, ಕೆಲಸದ ಹೆಸರಿದ್ದರೆ ಕಚೇರಿ. ಈ ಸರಳ ಸಂಗತಿ ತಿಳಿಯದೆ ಆದ ಒಂದು ಅನಾಹುತವನ್ನು ನಾನೇ ಕಂಡಿದ್ದೇನೆ. ಹಳೆಯ ಪ್ರಬಂಧಗಳ ಒಂದು ಮರುಮುದ್ರಣದಲ್ಲಿ ‘ಮುಂಬಯಿ ಇಲಾಖೆಯ ರೈತರು’ ಎಂದಿದ್ದದ್ದನ್ನು ‘ಮುಂಬಯಿ ಕೃಷಿ ಇಲಾಖೆಯ ರೈತರು’ ಎಂದು ತಿದ್ದಿದ್ದರು. ಲಕ್ಷಾಂತರ ಒಕ್ಕಲುಮಕ್ಕಳು ಒಂದು ಕಚೇರಿಯ ನೌಕರರಾಗಿಬಿಟ್ಟರು. ಹಳೆಯ ಮಾತು ಅರ್ಥವಾಗದಿದ್ದರೆ ಅಡಿಟಿಪ್ಪಣಿ ಹಾಕಿ. ಮಾತನ್ನು ಮಾತ್ರ ಮುಟ್ಟಬೇಡಿ ಎಂದು ಮರುಮುದ್ರಣ ಮಾಡುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಹಾಳೆಯ ವಯಸ್ಸು.

ಮೊದಲು ಅದು ಎಲ್ಲಿ ಅಚ್ಚಾಯಿತು ಎಂಬುದನ್ನು ಅಕ್ಷರಗಳೇ ಹೇಳುತ್ತವೆ. ‘ಸಾಲದಾಗಿರುವದು’ ಎಂದಿದೆ, ‘ಇರುವುದು’ ಎಂದಿಲ್ಲ. ಈ ‘ವದು’ ನಮ್ಮ ಭಾಗದ ಹಳೆಯ ಬರವಣಿಗೆಯ ರೂಢಿ. ಧಾರವಾಡದ ಲೇಖಕರು ‘ಮಾಡುವದು, ಹೋಗುವದು’ ಎಂದೇ ಬರೆಯುತ್ತಿದ್ದರು. ಎರಡನೆಯದು ‘ಜಂಗಲ’, ‘ಕಲೆಕ್ಟರ’, ‘ಲೋನ’. ಮೈಸೂರಿನವರಾದರೆ ‘ಕಲೆಕ್ಟರು’ ಎಂದು ಉಕಾರ ಹಚ್ಚುತ್ತಿದ್ದರು. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಅದನ್ನು ನೋಡಿ ನಮ್ಮವರೂ ‘ಲೋನ’ ಎಂದು ಬರೆದು ‘ಲೋನ್’ ಎಂದು ಓದುತ್ತಿದ್ದರು.

‘ವಾರ ಲೋನ’ದ ಗಂಟು ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಆ ‘ವಾರ’ ಸೋಮವಾರ ಮಂಗಳವಾರದ ವಾರವಲ್ಲ. ಅದು ‘ವಾರ್’, ಎಂದರೆ ಯುದ್ಧ. ವಾರ್ ಲೋನ್: ಯುದ್ಧದ ಖರ್ಚಿಗೆ ಸರಕಾರ ಪ್ರಜೆಗಳಿಂದ ಎತ್ತಿದ ಸಾಲ. ವಾರವಾರ ಕಂತು ಕಟ್ಟಬೇಕಾಗಿರಲಿಲ್ಲ. ನಿಮ್ಮ ಮುತ್ತಜ್ಜ ಹಣ ಹಾಕಿದ್ದರೆ ಸಾಲಗಾರ ಸರಕಾರವೇ, ಬಡ್ಡಿ ಪಡೆಯುವವರು ಇವರು. ಮೊದಲ ಮಹಾಯುದ್ಧದ ಕಾಲದಲ್ಲಿ ಹಿಂದುಸ್ತಾನದಲ್ಲಿ ಇಂಥ ಸಾಲವನ್ನು 1917ರಲ್ಲಿ ಒಮ್ಮೆ, 1918ರಲ್ಲಿ ಇನ್ನೊಮ್ಮೆ ಎತ್ತಿದರು.

ಈ ಎರಡರಲ್ಲಿ ಯಾವುದು? ಹಾಳೆಯ ಮುಂಬದಿಯ ಮಳೆ ಇದಕ್ಕೆ ಸಾಕ್ಷಿ ಹೇಳುತ್ತದೆ. 1917 ದೇಶದ ತುಂಬ ಅತಿವೃಷ್ಟಿಯ ವರ್ಷ. 1918 ಅದಕ್ಕೆ ನೇರ ವಿರುದ್ಧ. ಮುಂಗಾರು ಕೈಕೊಟ್ಟು ದೇಶಕ್ಕೆ ದೇಶವೇ ಬರದಲ್ಲಿ ಬೆಂದ ವರ್ಷ, ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಬಂದು ಮನೆಮನೆಯಲ್ಲಿ ಹೆಣ ಬಿದ್ದ ವರ್ಷ. ಒಂದೇ ಹಾಳೆಯಲ್ಲಿ ‘ಮಳೆಯು ಸಾಲದಾಗಿರುವದು’ ಮತ್ತು ‘ವಾರ ಲೋನ’ ಎರಡೂ ಇದ್ದರೆ ನಾನು 1918ರ ಮಳೆಗಾಲ ಎಂದೇ ಹೇಳುತ್ತೇನೆ. ಮುಂಬಯಿಗೆ ‘ಇಲಾಖೆ’ ಎಂದದ್ದು ಇದಕ್ಕೆ ಹೊಂದುತ್ತದೆ. ಧಾರಣೆಯ ಪಟ್ಟಿಯಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಮನೆಗಳಿರುವುದೂ ಹೊಂದುತ್ತದೆ, ಆದರೆ ಆ ಲೆಕ್ಕ 1957ರವರೆಗೂ ಇದ್ದುದರಿಂದ ಅದೊಂದರಿಂದಲೇ ಕಾಲ ಗೊತ್ತಾಗುವುದಿಲ್ಲ. ‘ಕರಜಗಿ ತಾಲೂಕಿನ ಹಾವೇರಿಯಲ್ಲಿ’ ಎಂದಿರುವುದು ಇನ್ನೂ ಒಳ್ಳೆಯ ಗುರುತು. ಇಂದು ಕರಜಗಿ ಹಾವೇರಿ ತಾಲೂಕಿನ ಒಂದು ಊರು. ಆಗ ತಾಲೂಕಿನ ಹೆಸರೇ ಕರಜಗಿ, ಹಾವೇರಿ ಅದರ ಒಳಗಿನ ಪೇಟೆ. 1884ರ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟವೂ ಕರಜಗಿಯನ್ನೇ ತಾಲೂಕು ಎನ್ನುತ್ತದೆ. ಹಿರೇಕೆರೂರಿನ ಕಡೆಯ ತಾಲೂಕಿಗೆ ಕೋಡ ಎಂದೂ ಶಿಗ್ಗಾವಿಯ ಕಡೆಯದಕ್ಕೆ ಬಂಕಾಪುರ ಎಂದೂ ಹೆಸರಿದ್ದವು. ಮನೆಯ ಹಳೆಯ ಕಾಗದಪತ್ರಗಳಲ್ಲಿ ಈ ಹೆಸರುಗಳು ಕಂಡರೆ ಬೇರೆ ಯಾವುದೋ ಊರಿನದು ಎಂದು ಬದಿಗಿಡಬೇಡಿ.

ಕೆಳಗಿನ ಸುದ್ದಿಯಲ್ಲಿ ಜಂಗಲ ಖಾತೆಯವರು ದನಗಳನ್ನು ಅಡವಿಯೊಳಗೆ ಬಿಡಬಹುದೆಂದು ಹೇಳಿದ್ದಾರೆ ಎಂಬಷ್ಟು ಓದಲಾಗುತ್ತದೆ, ಮುಂದೆ ಹರಿದಿದೆ. ಬರದ ವರ್ಷದಲ್ಲಿ ಮೇವಿಗಾಗಿ ಅಡವಿ ತೆರೆಯುವುದು ದೊಡ್ಡ ಸುದ್ದಿ. ಬೇರೆ ವರ್ಷಗಳಲ್ಲಿ ಅದೇ ಜಂಗಲ ಖಾತೆ ದನ ಹಿಡಿದು ಕೊಂಡವಾಡಕ್ಕೆ ಕಳಿಸುತ್ತಿತ್ತು. ಯಾರೋ ಈ ಸಾಲಿನ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದಾರೆ, ನೀವು ಗಮನಿಸಿದಿರೋ ಇಲ್ಲವೋ. ಎಡ ಅಂಚಿನಲ್ಲಿ, ಮಡಿಕೆಯ ತುಸು ಮೇಲೆ. ನಿಮ್ಮ ಮುತ್ತಜ್ಜನಿಗೆ ದನಗಳಿದ್ದವೇ?

ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಪಾರದರ್ಶಕ ಟೇಪನ್ನು ಅಂಟಿಸಲೇಬೇಡಿ, ಕೆಲವೇ ವರ್ಷಗಳಲ್ಲಿ ಅದರ ಅಂಟು ಕಾಗದವನ್ನು ಕಂದಿಸುತ್ತದೆ. ಎರಡು ಬಿಳಿಯ ಕಾಗದಗಳ ನಡುವೆ ಚಪ್ಪಟೆಯಾಗಿ ಇಟ್ಟು, ಬಿಸಿಲು ತೇವ ತಾಕದ ಕಡೆ ಇರಿಸಿ. ಯಾವಾಗಲಾದರೂ ಧಾರವಾಡಕ್ಕೆ ಬಂದರೆ ಅದನ್ನೂ ಜೊತೆಗೆ ತನ್ನಿ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇಲ್ಲಿದೆ, ವಿಶ್ವವಿದ್ಯಾಲಯದ ಗ್ರಂಥಾಲಯವಿದೆ. ಆ ಕಾಲದ ಅಚ್ಚಿನ ಜೊತೆ ನಿಮ್ಮ ಹಾಳೆಯ ಅಕ್ಷರದ ಮೊಳೆಗಳನ್ನು ಹೋಲಿಸಿ ನೋಡೋಣ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಹಿಂಬದಿಯ ಮೇಲಂಚಿನಲ್ಲಿ ಹರಿದ ಕಡೆ ದಪ್ಪ ಅಕ್ಷರವೊಂದರ ಕೆಳಗಿನ ಅರ್ಧ ಕಾಣುತ್ತಿದೆ, ಒತ್ತಕ್ಷರದ ಬಾಲದ ಹಾಗಿದೆ. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ಹಿಡಿದು ಆ ಮೂಲೆಯದೊಂದೇ ಇನ್ನೊಂದು ಫೋಟೊ ಕಳಿಸಿ. ಅದು ಪತ್ರಿಕೆಯ ಹೆಸರಿನ ಕೊನೆಯ ಅಕ್ಷರ ಇರಬಹುದು.